ಯಂತ್ರದ ಕಣ್ಣೂ ಅದರ ದುಭಾಷಿಯೂ



ಊಟಿಯ ಮಾರ್ಗವೂ ವಯನಾಡಿನ ಮಾರ್ಗವೂ ಕವಲೊಡೆಯುವುದು ನಮ್ಮ ಗುಂಡ್ಲುಪೇಟೆಯಲ್ಲಿ. ಕನ್ನಡ, ತಮಿಳು, ಮಲಯಾಳಗಳು ಮೂರೂ ಇಲ್ಲಿ ಕಿವಿಗೆ ಬೀಳುವುವು. ಮೂರನ್ನೂ ಬಲ್ಲವರಿದ್ದರೆ ವ್ಯಾಪಾರವು ಸರಾಗ. ಕಂಪ್ಯೂಟರಿಗೂ ವೆಬ್‌ಕ್ಯಾಮೆರಾಕ್ಕೂ ನಡುವೆ ಇಂತಹುದೇ ಒಂದು ದುಭಾಷಿಯುಂಟು. ಡ್ರೈವರ್ ಎಂಬ ಆ ಬರಹದ ವಿಷಯವನ್ನು ಎರಡು ಮಾತುಗಳಲ್ಲಿ ತಿಳಿಸುವೆನು.

2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಪಾಠ ಹೇಳುವುದಕ್ಕೆ ನಮ್ಮ ಹಳೆಯ ಕ್ಯಾಮೆರಾವನ್ನು ಹೊರತೆಗೆದೆವು. ಗಾಜೂ ತಂತಿಯೂ ಚೆನ್ನಾಗಿದ್ದರೂ ಚಿತ್ರವು ಮೂಡಲಿಲ್ಲ. ತಯಾರಕರು ಹೊಸ ಕಂಪ್ಯೂಟರಿಗೆ ತಕ್ಕ ಡ್ರೈವರನ್ನು ಒದಗಿಸಿರಲಿಲ್ಲ. ಚಾಮರಾಜನಗರದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಇಂಜಿನಿಯರಾಗಿರುವವಳು, ಅದನ್ನು ಲಿನಕ್ಸ್ ಇದ್ದ ತನ್ನ ಕಂಪ್ಯೂಟರಿಗೆ ಜೋಡಿಸಿದಳು. ಚಿತ್ರವು ಒಡನೆಯೇ ಬಂದಿತು. “ಅಮ್ಮಾ, ಇದು ಕುರುಡಾಗಿರಲಿಲ್ಲ. ಇದರ ಮಾತು ತಿಳಿಯುವವರಿರಲಿಲ್ಲ, ಅಷ್ಟೆ” ಎಂದಳು.

ಅವಳು ವಿವರಿಸಿದ್ದು ಹೀಗೆ: ಜೋಡಿಸಿದೊಡನೆ ಕ್ಯಾಮೆರಾ ತನ್ನ ತಯಾರಕರ ಸಂಖ್ಯೆಯನ್ನೂ ಮಾದರಿಯ ಸಂಖ್ಯೆಯನ್ನೂ ತಿಳಿಸುವುದು. ಆ ಸಂಖ್ಯೆಗಳನ್ನು ಬಲ್ಲ ಡ್ರೈವರ್ ಮುಂದೆ ಬಂದು, ಚಿತ್ರದ ಅಳತೆಯೆಷ್ಟು, ಸೆಕೆಂಡಿಗೆ ಎಷ್ಟು ಚಿತ್ರಗಳೆಂದು ಗೊತ್ತುಮಾಡಿಕೊಳ್ಳುವುದು. 640ಕ್ಕೆ 480ರ ಒಂದು ಚಿತ್ರದಲ್ಲಿ 3,07,200 ಚುಕ್ಕೆಗಳು. ಚುಕ್ಕೆಗೆ 2 ಬೈಟಿನಂತೆ, ಸೆಕೆಂಡಿಗೆ 30 ಚಿತ್ರಗಳೆಂದರೆ 1,84,32,000 ಬೈಟುಗಳು! ಮೊದಲಿನ ಯುಎಸ್‌ಬಿ ತಂತಿಯು ಹೊರಬಲ್ಲುದು ಸೆಕೆಂಡಿಗೆ 15 ಲಕ್ಷ ಬೈಟುಗಳಷ್ಟೆ. ಆದುದರಿಂದ ಹಳೆಯ ಕ್ಯಾಮೆರಾಗಳು ಚಿತ್ರವನ್ನು ಹಿಂಡಿ ಚಿಕ್ಕದು ಮಾಡಿ ಕಳುಹಿಸುತ್ತಿದ್ದುವು. ಹಿಂಡುವ ಬಗೆ ಒಬ್ಬೊಬ್ಬ ತಯಾರಕರದು ಒಂದೊಂದು, ಅನೇಕ ವೇಳೆ ಗುಟ್ಟು. ಡ್ರೈವರ್ ಬರೆಯುವವರು ತಂತಿಯಲ್ಲಿ ಹರಿಯುವ ಅಂಕಿಗಳನ್ನು ದಿನಗಟ್ಟಲೆ ನೋಡಿ, ಆ ಗುಟ್ಟನ್ನು ಊಹಿಸಿ, ಪರೀಕ್ಷಿಸಿ ತಿಳಿಯಬೇಕು.

ಫ್ರಾನ್ಸ್ ದೇಶದ ವೈದ್ಯರಾದ ಮಿಶೆಲ್ ಕ್ಸಾರ್ಡ್ ಎಂಬವರು ಬಿಡುವಿನ ವೇಳೆಯಲ್ಲಿ ಹೀಗೆ ದುಡಿದು, 200ಕ್ಕೂ ಹೆಚ್ಚು ಬಗೆಯ ಕ್ಯಾಮೆರಾಗಳಿಗೆ ಡ್ರೈವರ್ ಬರೆದು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಅದು 2008ರಲ್ಲಿ ಲಿನಕ್ಸಿನ ತಿರುಳಿಗೆ ಸೇರಿತು. ಎಲ್ಲ ಕ್ಯಾಮೆರಾಗಳಿಗೂ ಒಂದೇ ಭಾಷೆಯಿರಲೆಂದು 2003ರಲ್ಲಿ ಯುವಿಸಿ ಎಂಬ ನಿಯಮವೂ ಪ್ರಕಟವಾಗಿದ್ದುದರಿಂದ, ಹೊಸ ಕ್ಯಾಮೆರಾಗಳಲ್ಲಿ ಈ ತೊಡಕು ಬಹಳ ಮಟ್ಟಿಗೆ ಇಲ್ಲ.

ತಾಯಿತಂದೆಗಳಲ್ಲಿ ನನ್ನದೊಂದು ಬಿನ್ನಹ. ಈ ಹುಡುಗಿಯ ಓದು ಹತ್ತನೆಯ ತರಗತಿಗೇ ಸಾಕೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಅವಳ ತಾಯಿ ಹಟ ಹಿಡಿದು ಓದಿಸಿದಳು. ಆ ಹಟವಿಲ್ಲದಿದ್ದರೆ ನಮ್ಮ ಕ್ಯಾಮೆರಾ ಕಸದ ಬುಟ್ಟಿಯನ್ನು ಸೇರುತ್ತಿದ್ದಿತು. ಅದು ಅಲ್ಪ ನಷ್ಟ. ಅವಳ ಬುದ್ಧಿಯೂ ಮೂಲೆ ಸೇರುತ್ತಿದ್ದಿತಲ್ಲ, ಆ ನಷ್ಟವನ್ನು ತುಂಬಿಕೊಡುವವರಾರು? ನಿಮ್ಮ ಮಗಳಿಗೆ ಯಂತ್ರದ ಗುಂಡಿಯನ್ನು ಒತ್ತಲು ಬಂದರೆ ಸಾಕೆಂದು ಎಣಿಸದಿರಿ. ಲಿನಕ್ಸಿನ ಡ್ರೈವರುಗಳ ಮೂಲ ಬರಹವನ್ನು ಯಾರು ಬೇಕಾದರೂ ತೆರೆದು ಓದಬಹುದು. ಓದುವಷ್ಟು ಕಾಲ ಅವಳನ್ನು ಶಾಲೆಯಲ್ಲಿರಗೊಡಿರಿ.