ಮೊಂಬಾಸಾದಲ್ಲಿ ಬಿಡಾರವೆಲ್ಲಿ?

ಆಫ್ರಿಕದ ಪೂರ್ವ ಕರಾವಳಿಯಲ್ಲಿ, ಭೂಮಧ್ಯರೇಖೆಗೆ ನಾಲ್ಕು ಡಿಗ್ರಿ ದಕ್ಷಿಣದಲ್ಲಿ, ಎರಡು ಅಳಿವೆಗಳು ತಬ್ಬಿಕೊಂಡಿರುವ ಪುಟ್ಟ ದ್ವೀಪವೊಂದುಂಟು. ಮೊಂಬಾಸಾ ಪಟ್ಟಣ ಹುಟ್ಟಿ ಬೆಳೆದುದು ಈ ದ್ವೀಪದ ಮೇಲೆ. ಆದರೆ ಕೀನ್ಯಾ ದೇಶದ ಈ ಪ್ರಖ್ಯಾತ ಬಂದರಿಗೆ ಹೋಗಿಬಂದೆವೆಂದು ಹೇಳಿಕೊಳ್ಳುವ ಪ್ರವಾಸಿಗರಲ್ಲಿ ಅನೇಕರು ದ್ವೀಪದ ಮೇಲೆ ಒಂದು ರಾತ್ರಿಯನ್ನೂ ಕಳೆದಿರುವುದಿಲ್ಲ. ವಿಮಾನದಿಂದಲೋ ರೈಲಿನಿಂದಲೋ ಇಳಿದ ಕೂಡಲೆ ಮೋಟಾರು ಅವರನ್ನು ಉತ್ತರದ ಇಲ್ಲವೆ ದಕ್ಷಿಣದ ಕಡಲತಡಿಗೆ ಕೊಂಡೊಯ್ಯುತ್ತದೆ. ಅಲ್ಲಿ ತೆಂಗಿನ ತೋಪು, ಬಿಳಿಯ ಮರಳು, ಈಜುಕೊಳ, ಹೊತ್ತುಹೊತ್ತಿಗೆ ಊಟ; ಐದಾರು ದಿನಗಳು ಸುಖವಾಗಿ ಸಂದುಹೋಗುತ್ತವೆ. ಇಷ್ಟೇ ಬೇಕಾಗಿದ್ದರೆ ಮಲ್ಪೆಯೋ ಮುರುಡೇಶ್ವರವೋ ಸಾಕಾಗಿತ್ತು. ಸಮುದ್ರ ದಾಟುವ ಖರ್ಚಾದರೂ ಉಳಿಯುತ್ತಿತ್ತು.

ಆದುದರಿಂದ ಮೊಂಬಾಸಾಕ್ಕೆ ಹೊರಡುವ ಕುಟುಂಬ ಮೊದಲು ಬಗೆಹರಿಸಿಕೊಳ್ಳಬೇಕಾದುದು ಬಿಡಾರದ ಪ್ರಶ್ನೆಯನ್ನು. ಪಟ್ಟಣದ ಭೂಗೋಳವೇ ಈ ಪ್ರಶ್ನೆಯನ್ನು ಕಠಿನಗೊಳಿಸಿದೆ. ಪಶ್ಚಿಮದಲ್ಲಿ ಮಕುಪಾ ಎಂಬಲ್ಲಿ ರಸ್ತೆ ದ್ವೀಪವನ್ನು ಒಳನಾಡಿಗೆ ಕೂಡಿಸುತ್ತದೆ. ವಿಮಾನ ನಿಲ್ದಾಣವೂ ಮಿರಿತಿನಿಯ ಹೊಸ ರೈಲು ನಿಲ್ದಾಣವೂ ಆ ಬದಿಗಿವೆ. ಉತ್ತರದಲ್ಲಿ 1980ರಲ್ಲಿ ಕಟ್ಟಿದ ನ್ಯಾಲಿ ಸೇತುವೆ. ಅದರಾಚೆ ನ್ಯಾಲಿ, ಬಂಬೂರಿ, ಶಾಂಜು ಎಂಬ ಕಡಲತಡಿಗಳು. ದಕ್ಷಿಣದಲ್ಲಿ ಸೇತುವೆಯೇ ಇಲ್ಲ. ಲಿಕೋನಿಯ ಕಡವಿನಲ್ಲಿ ದೊಡ್ಡ ದೋಣಿಗಳು ಜನರನ್ನೂ ವಾಹನಗಳನ್ನೂ ದಾಟಿಸುತ್ತವೆ. ಅಲ್ಲಿಂದ ಮುಂದೆ ಸುಮಾರು ಮೂವತ್ತು ಕಿಲೋಮೀಟರ್ ಸಾಗಿದರೆ ಡಿಯಾನಿಯ ಪ್ರಸಿದ್ಧ ಮರಳ ದಂಡೆ. ಡಿಯಾನಿ ಅತಿ ಸುಂದರವಾದ ಸ್ಥಳವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಲ್ಲಿ ಇಳಿದುಕೊಂಡು ಪಟ್ಟಣವನ್ನು ದಿನವೂ ನೋಡಿಬರುತ್ತೇವೆನ್ನುವವರ ಅರ್ಧ ದಿನವನ್ನು ಕಡವು ನುಂಗುತ್ತದೆ. ಒಂದು ವಾರದ ಅವಕಾಶವಿರುವವರು ಮೊದಲ ಮೂರು ರಾತ್ರಿಗಳನ್ನು ದ್ವೀಪದ ಮೇಲೆ ಕಳೆದು, ಉಳಿದುದನ್ನು ಉತ್ತರದ ಕಡಲತಡಿಗೆ ಮೀಸಲಿಡುವುದು ಮೇಲು.

ಯಾವಾಗ ಹೋಗಬೇಕೆಂಬುದನ್ನು ಗಾಳಿಯನ್ನು ಕೇಳಬೇಕು. ಇಲ್ಲಿಯ ಜನ ಎರಡು ಗಾಳಿಗಳನ್ನು ಹೆಸರಿಟ್ಟು ಕರೆಯುತ್ತಾರೆ: ಈಶಾನ್ಯದಿಂದ ಬೀಸುವುದು 'ಕಸ್ಕಾಜಿ', ಆಗ್ನೇಯದಿಂದ ಬೀಸುವುದು 'ಕೂಸಿ'. ನಮ್ಮ ಹಿಂಗಾರು ಮುಂಗಾರುಗಳ ಒಡಹುಟ್ಟಿದವೇ ಇವು. ಸಾವಿರಾರು ವರ್ಷ ಅರಬರ, ಗುಜರಾತಿಗಳ ಹಾಯಿ ಹಡಗುಗಳು ಕಸ್ಕಾಜಿಯೊಡನೆ ಆಫ್ರಿಕಕ್ಕೆ ಬಂದು, ಕೂಸಿಯೊಡನೆ ಮನೆಗೆ ಮರಳುತ್ತಿದ್ದವು. 1498ರ ಏಪ್ರಿಲಿನಲ್ಲಿ ವಾಸ್ಕೊ ಡ ಗಾಮ ಮೊಂಬಾಸಾದಲ್ಲಿ ಆದರ ದೊರೆಯದೆ ಉತ್ತರದ ಮಾಲಿಂದಿಗೆ ಹೋಗಿ, ಅಲ್ಲಿ ಮಾರ್ಗದರ್ಶಕನೊಬ್ಬನನ್ನು ಪಡೆದು ಹೊರಟಾಗ, ಗಾಳಿ ಅನುಕೂಲವಾಗಿದ್ದುದರಿಂದ ಒಂದು ತಿಂಗಳೊಳಗೆ ಮಲಬಾರ್ ತೀರವನ್ನು ಕಂಡ. ಮರಳುವಾಗ ಆತ ಕಾಯಲಿಲ್ಲ. ಕಾರವಾರದ ಮುಂದಿರುವ ಅಂಜದೀವಿಯಲ್ಲಿ ಹಡಗುಗಳನ್ನು ಸಜ್ಜುಗೊಳಿಸಿ ಅಕ್ಟೋಬರಿನಲ್ಲೇ ಹೊರಟು, ಎದುರುಗಾಳಿಯಲ್ಲಿ ಮೂರು ತಿಂಗಳು ತೊಳಲಾಡಿದ. ಒಸಡು ಕೊಳೆಯುವ ರೋಗಕ್ಕೆ ಎಷ್ಟು ಮಂದಿ ಬಲಿಯಾದರೆಂದರೆ, ಆಫ್ರಿಕದ ತೀರ ಸೇರಿದ ಬಳಿಕ ನಡೆಸಲು ಜನವಿಲ್ಲದೆ ಒಂದು ಹಡಗನ್ನು ಸುಟ್ಟುಹಾಕಬೇಕಾಯಿತು.

ಈ ಗಾಳಿಗಳು ದಂತವನ್ನೂ ಬಟ್ಟೆಯನ್ನೂ ಮಾತ್ರ ಸಾಗಿಸಲಿಲ್ಲವೆಂಬುದನ್ನು ಮರೆಯಲಾಗದು. ಆಫ್ರಿಕದ ಪೂರ್ವ ಪಾರ್ಶ್ವದಿಂದ ಗುಲಾಮರಾಗಿ ಸಮುದ್ರ ದಾಟಿಸಲ್ಪಟ್ಟವರ ಸಂತತಿಯೇ ಇಂದು ಹಳಿಯಾಳ, ಯಲ್ಲಾಪುರಗಳ ಕಾಡಂಚಿನಲ್ಲಿ ಕನ್ನಡ, ಕೊಂಕಣಿಗಳನ್ನಾಡುತ್ತಿರುವ ಸಿದ್ದಿ ಜನ.

ಇಂದಿನ ಪ್ರವಾಸಿಗೆ ಹಾಯಿಯ ಚಿಂತೆಯಿಲ್ಲ, ಮಳೆಯ ಚಿಂತೆಯುಂಟು. ಏಪ್ರಿಲ್, ಮೇ ತಿಂಗಳುಗಳೇ ಮೊಂಬಾಸಾದ ದೊಡ್ಡ ಮಳೆಗಾಲ. ನಮ್ಮ ಶಾಲೆಗಳ ಬೇಸಗೆಯ ರಜೆ ಸರಿಯಾಗಿ ಆ ಕಾಲಕ್ಕೇ ಬೀಳುವುದು ದುರ್ದೈವವೇ ಸರಿ. ಬಾಡಿಗೆ ಇಳಿದಿದೆಯೆಂಬ ಒಂದೇ ಆಸೆಯಿಂದ ಆಗ ಹೋದವರು ಕಿಟಕಿಯ ಬಳಿ ಕುಳಿತು ಇಸ್ಪೀಟಾಡಬೇಕಾದೀತು. ಕ್ರಿಸ್‌ಮಸ್ ಸಮಯದಲ್ಲಿ ಹವೆ ಚೆನ್ನ, ಬಾಡಿಗೆ ವಿಪರೀತ. ದಸರಾ ರಜೆಯಲ್ಲಿ ಒಂದೆರಡು ಮಳೆ ಬಂದರೂ ಅಡ್ಡಿಯಿಲ್ಲ. ಮಕ್ಕಳ ಶಾಲೆಯ ಹಂಗಿಲ್ಲದವರಿಗೆ ತಂಗಾಳಿ ಬೀಸುವ ಜುಲೈನಿಂದ ಸೆಪ್ಟೆಂಬರಿನವರೆಗಿನ ಕಾಲ ಎಲ್ಲಕ್ಕಿಂತ ಹಿತ.

ದ್ವೀಪದ ಮೇಲೆ ಎರಡು ಬಗೆಯ ಬಿಡಾರಗಳಿವೆ. ಹಳೆಯ ಪೇಟೆಯಲ್ಲಿ ಪುರಾತನ ಮನೆಗಳನ್ನೇ ಅತಿಥಿಗೃಹಗಳಾಗಿ ಮಾರ್ಪಡಿಸಿದ್ದಾರೆ. ಹವಳಗಲ್ಲಿನ ಗೋಡೆ, ಮರದ ಕೆತ್ತನೆಯ ಬಾಗಿಲು, ಬೀದಿಗೆ ಬಾಗಿದ ಉಪ್ಪರಿಗೆಯ ಮೊಗಸಾಲೆ. ಇವುಗಳಲ್ಲಿ ಕೆಲವು ಗುಜರಾತಿನ ಮನೆಗಳನ್ನು ನೆನಪಿಗೆ ತರುವುದು ಅಕಾರಣವಲ್ಲ, ಅಲ್ಲಿಯ ವರ್ತಕರೂ ಬಡಗಿಗಳೂ ಇಲ್ಲಿ ನೆಲೆಸಿದ್ದರು. ಆದರೆ ಮೆಟ್ಟಿಲುಗಳು ಕಡಿದು, ಬೀದಿಗಳು ಇಕ್ಕಟ್ಟು. ಬೆಳಗಿನ ಜಾವದಲ್ಲಿ ಮಸೀದಿಗಳ ಕರೆ ನಿದ್ರೆಯನ್ನು ಎಬ್ಬಿಸದೆ ಬಿಡದು. ಮಂಡಿನೋವಿನ ಅಜ್ಜ ಅಜ್ಜಿಯರನ್ನು ಕರೆದೊಯ್ಯುವವರು ಮೋಯಿ ಅವೆನ್ಯೂವಿನ ಆಸುಪಾಸಿನಲ್ಲಿ ಲಿಫ್ಟಿರುವ ಹೋಟೆಲನ್ನು ಹಿಡಿಯುವುದು ಕ್ಷೇಮ. ಆ ರಸ್ತೆಯ ಮೇಲೆ ಕಮಾನುಗಳಂತೆ ನಿಂತಿರುವ ನಾಲ್ಕು ಬೃಹದಾಕಾರದ ಲೋಹದ ದಂತಗಳು ಊರಿನ ಗುರುತಾಗಿಬಿಟ್ಟಿವೆ. 1950ರ ದಶಕದಲ್ಲಿ ಬ್ರಿಟಿಷ್ ರಾಜಮನೆತನದವರ ಸ್ವಾಗತಕ್ಕೆಂದು ನಿಲ್ಲಿಸಿದ ಅವುಗಳ ಮುಂದೆ ಚಿತ್ರ ತೆಗೆಸಿಕೊಳ್ಳಲು ಐದು ನಿಮಿಷ ಸಾಕು.

ಹೆಚ್ಚಿನ ಹೊತ್ತನ್ನು ಹಳೆಯ ಪೇಟೆಗೇ ಕೊಡಬೇಕು. ಬೆಳಿಗ್ಗೆ ಬಿಸಿಲೇರುವ ಮುನ್ನ, ಇಲ್ಲವೆ ಸಂಜೆ, ಕಾಲ್ನಡೆಯಲ್ಲೇ ಹೋಗಬೇಕು. ಉಡುಪು ಮೈಮುಚ್ಚುವಂತಿದ್ದರೆ ಸೌಜನ್ಯ. ಹಿತ್ತಾಳೆಯ ಪಾತ್ರೆಯಿಂದ ಪುಟ್ಟ ಬಟ್ಟಲುಗಳಿಗೆ ಸುರಿಯುವ ಹಾಲಿಲ್ಲದ ಕಹಿ ಕಾಫಿ, ಮಾರಿಕಿಟಿ ಎಂಬ ಮಾರುಕಟ್ಟೆಯ ಲವಂಗ ಏಲಕ್ಕಿಗಳ ಕಂಪು, ಮಂಧ್ರಿ ಮಸೀದಿಯ ಬಿಳಿಯ ಗೋಪುರ, ಅದರಾಚೆ ಹಳೆಯ ಬಂದರಿನ ನೀರು. ಇಬ್ನ್ ಬತೂತ 1331ರಲ್ಲಿ ಇಲ್ಲಿಗೆ ಬಂದಾಗ ಮಸೀದಿಗಳನ್ನು ಮರದಿಂದ ಕಟ್ಟಿದ್ದರಂತೆ. ಜನ ಬಾಳೆಹಣ್ಣು ಮೀನುಗಳನ್ನು ತಿಂದು, ಬರಿಗಾಲಿನಲ್ಲಿ ನಡೆದು, ಕಾಲು ತೊಳೆದು ಒಳಹೋಗುತ್ತಿದ್ದರಂತೆ. ಇದೇ ಯಾತ್ರಿಕ ಹತ್ತು ಹನ್ನೊಂದು ವರ್ಷಗಳ ತರುವಾಯ ನಮ್ಮ ಹೊನ್ನಾವರಕ್ಕೆ ಬಂದು, ಅಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆಗಳಿದ್ದುದನ್ನು ಬರೆದಿಟ್ಟ. ಮೊಂಬಾಸಾ, ಹೊನ್ನಾವರಗಳು ಅವನ ಲೆಕ್ಕದಲ್ಲಿ ಒಂದೇ ಸಮುದ್ರದ ಎರಡು ದಂಡೆಗಳು.

ಹಳೆಯ ಪೇಟೆಯ ಅಂಚಿನಲ್ಲಿ, ಕಡಲಿಗೆ ಮುಖಮಾಡಿ ಜೀಸಸ್ ಕೋಟೆ ನಿಂತಿದೆ. ಪೋರ್ಚುಗೀಸರು 1593ರಲ್ಲಿ ಇದನ್ನು ಕಟ್ಟಲಾರಂಭಿಸಿದರು. ನಕ್ಷೆ ಬರೆದವನು ಕೈರಾತಿ ಎಂಬ ಇಟಲಿಯವನು. ಮೇಲಿನಿಂದ ನೋಡಿದರೆ ಮನುಷ್ಯನೊಬ್ಬ ಅಂಗಾತ ಮಲಗಿದಂತೆ ಕಾಣುತ್ತದೆ. ಈ ಕೋಟೆಯ ಅದೃಷ್ಟವೆಲ್ಲ ನಿರ್ಧಾರವಾಗುತ್ತಿದ್ದುದು ಗೋವೆಯಲ್ಲಿ. ಮೊಂಬಾಸಾದ ಸುಲ್ತಾನನೊಬ್ಬ 1614ರಲ್ಲಿ ಪೋರ್ಚುಗೀಸರ ಒಳಸಂಚಿಗೆ ಬಲಿಯಾದಾಗ, ಅವನ ಎಳೆಯ ಮಗ ಯೂಸುಫನನ್ನು ಗೋವೆಗೆ ಒಯ್ದು, ಪಾದ್ರಿಗಳ ಬಳಿ ಓದಿಸಿ, ಕ್ರೈಸ್ತನನ್ನಾಗಿ ಮಾಡಿ, ಜೆರೋನಿಮೊ ಎಂದು ಹೆಸರಿಟ್ಟರು. 1626ರಲ್ಲಿ ಅವನನ್ನೇ ದೊರೆಯೆಂದು ಮರಳಿ ಕಳುಹಿದರು. ತಂದೆಯನ್ನು ಕೊಂದವರ ಹೆಸರನ್ನು ಹೊತ್ತು, ಅವರ ಉಡುಪು ತೊಟ್ಟು, ಸ್ವಂತ ಜನರ ನಡುವೆ ಪರಕೀಯನಾಗಿ ಆತ ಐದು ವರ್ಷ ಆಳಿದ. 1631ರ ಆಗಸ್ಟಿನಲ್ಲಿ ಒಂದು ದಿನ ಕೋಟೆಯೊಳಗೆ ನುಗ್ಗಿ, ಅಧಿಪತಿಯನ್ನು ಇರಿದು ಕೊಂದು, ಮತ್ತೆ ಯೂಸುಫನಾದ. ಅನಂತರ ನಡೆದ ಹತ್ಯೆಗಳಲ್ಲಿ ಅಪರಾಧವಿಲ್ಲದವರೂ ಪ್ರಾಣ ಕಳೆದುಕೊಂಡರು. ಗೋವೆಯಿಂದ ಬಂದ ಸೈನ್ಯವನ್ನು ಹಿಮ್ಮೆಟ್ಟಿಸಿದರೂ ಅವನು ಅಲ್ಲಿ ನಿಲ್ಲಲಿಲ್ಲ. ಊರು ಬಿಟ್ಟು ಸಮುದ್ರದ ಮೇಲೆ ಅಲೆಯುತ್ತ 1638ರಲ್ಲಿ ಜಿದ್ದಾದಲ್ಲಿ ತೀರಿಕೊಂಡ.

ಮುಂದೆ 1696ರಲ್ಲಿ ಓಮಾನಿನ ಅರಬರು ಕೋಟೆಗೆ ಮುತ್ತಿಗೆ ಹಾಕಿದರು. ಮುತ್ತಿಗೆ ಹೆಚ್ಚುಕಡಮೆ ಮೂರು ವರ್ಷ ನಡೆಯಿತು. ಒಳಗಿದ್ದವರನ್ನು ಶತ್ರುವಿಗಿಂತ ಹೆಚ್ಚಾಗಿ ರೋಗ ಕೊಂದಿತು. ಸಹಾಯಕ್ಕೆ ಬಂದ ಹಡಗುಗಳಲ್ಲೊಂದು, ಮುಂಬಯಿಯ ಬಳಿಯ ವಸಾಯಿಯಲ್ಲಿ ಕಟ್ಟಿದ 'ಸಾಂತೊ ಅಂತೋನಿಯೊ ದೆ ತನ್ನಾ', 1697ರಲ್ಲಿ ಕೋಟೆಯ ಬುಡದಲ್ಲೇ ಮುಳುಗಿತು. 1698ರ ಡಿಸೆಂಬರಿನಲ್ಲಿ ಕೋಟೆ ಬಿದ್ದ ಕೆಲವೇ ದಿನಗಳ ಮೇಲೆ ಗೋವೆಯಿಂದ ಮತ್ತೊಂದು ನೌಕಾಪಡೆ ಬಂದಿತು. ಬುರುಜಿನ ಮೇಲೆ ಅರಬರ ಬಾವುಟವನ್ನು ಕಂಡು ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗಿತು. ಮುಳುಗಿದ ಹಡಗನ್ನು 1977ರಿಂದ ಕೆಲವು ವರ್ಷ ಶೋಧಿಸಿ ಮೇಲೆತ್ತಿದ ವಸ್ತುಗಳು ಕೋಟೆಯೊಳಗಿನ ಸಂಗ್ರಹಾಲಯದಲ್ಲಿವೆ. ಗೋಡೆಯ ಮೇಲೆ ನಾವಿಕರು ಗೀಚಿದ ಹಡಗಿನ ಚಿತ್ರಗಳನ್ನೂ ನೋಡಬೇಕು. ಹೊತ್ತು ಹೋಗದವರ ಕೈಕೆಲಸವೆಂಬುದು ಸ್ಪಷ್ಟ. ಬ್ರಿಟಿಷರ ಕಾಲದಲ್ಲಿ, 1895ರ ಅನಂತರ, ಇದೇ ಕೋಟೆ ಸೆರೆಮನೆಯಾಗಿತ್ತು. 2011ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಎರಡು ಗಂಟೆಗಳಿಗಿಂತ ಕಡಮೆ ಕಾಲದಲ್ಲಿ ಇದನ್ನು ಮುಗಿಸಹೊರಡುವುದು ಅನ್ಯಾಯ.

ಸಸ್ಯಾಹಾರಿಗಳ ಆತಂಕಕ್ಕೆ ಸಮಾಧಾನವುಂಟು. ಮೊಂಬಾಸಾದವರ ಬೆಳಗಿನ ಉಪಾಹಾರ 'ಮಹಮ್ರಿ' ಮತ್ತು 'ಎಂಬಾಜಿ': ಏಲಕ್ಕಿ ಹಾಕಿ ಕರಿದ ಉಬ್ಬಿದ ರೊಟ್ಟಿ, ಅದರೊಡನೆ ತೆಂಗಿನ ಹಾಲಿನಲ್ಲಿ ಕುದಿಸಿದ ಇಡಿಯ ತೊಗರಿಕಾಳು. ತೊಗರಿಯ ನಾಡಾದ ಕಲಬುರಗಿಯವರಿಗೂ ಇದು ಹೊಸ ರುಚಿಯೇ. ಹಿಟ್ಟಿನಲ್ಲದ್ದಿ ಕರಿದ ಆಲೂಗಡ್ಡೆ ನಮ್ಮ ಬೋಂಡದ ದೂರದ ನೆಂಟ. ಗುಜರಾತಿಗಳ ಊಟದ ಮನೆಗಳು ದ್ವೀಪದ ಮೇಲೇ ಇವೆ. ಉಳಿದೆಡೆ 'ಬಿಲಾ ನ್ಯಾಮಾ' ಎಂದರೆ ಮಾಂಸ ಬೇಡವೆಂದರ್ಥ. ಆದರೆ ಮೀನನ್ನು ಯಾರೂ ಮಾಂಸವೆಂದು ಎಣಿಸದ ಕಾರಣ 'ಬಿಲಾ ಸಮಾಕಿ' ಎಂಬುದನ್ನೂ ಸೇರಿಸತಕ್ಕದ್ದು. ಸ್ವಾಹಿಲಿ ಭಾಷೆ ಕಿವಿಗೆ ಅಷ್ಟೇನೂ ಅಪರಿಚಿತವಲ್ಲ. ಹಣ 'ಪೇಸಾ', ಅಂಗಡಿ 'ದೂಕಾ', ಮೋಟಾರು 'ಗಾರಿ', ಲಕ್ಷ 'ಲಾಕಿ', ಚಪಾತಿ ಚಪಾತಿಯೇ.

ಈ ನೆಂಟಸ್ತಿಕೆ ಅಗ್ಗವಾಗಿ ದೊರೆತುದಲ್ಲ. 1896ರಲ್ಲಿ ಇಲ್ಲಿಂದ ಹೊರಟು 1901ರಲ್ಲಿ ವಿಕ್ಟೋರಿಯಾ ಸರೋವರವನ್ನು ಮುಟ್ಟಿದ ರೈಲುಮಾರ್ಗವನ್ನು ಹಾಕಲು ಭಾರತದಿಂದ ಮೂವತ್ತು ಸಾವಿರಕ್ಕೂ ಮಿಕ್ಕಿ ಕೂಲಿಗಳನ್ನು, ಬಹುಮಟ್ಟಿಗೆ ಪಂಜಾಬಿನಿಂದ, ತಂದರು. ಸುಮಾರು ಎರಡೂವರೆ ಸಾವಿರ ಮಂದಿ ಜ್ವರಕ್ಕೂ ಅಪಘಾತಕ್ಕೂ ತುತ್ತಾದರು. 1898ರಲ್ಲಿ ತ್ಸಾವೊ ನದಿಯ ಬಳಿ ಎರಡು ಸಿಂಹಗಳ ಬಾಯಿಗೆ ಬಿದ್ದವರೂ ಉಂಟು. ಜಗತ್ತು ನೆನಪಿಟ್ಟುಕೊಂಡದ್ದು ಸಿಂಹಗಳನ್ನು. 2017ರಿಂದ ನೈರೋಬಿ ಮೊಂಬಾಸಾಗಳ ನಡುವೆ ಓಡುತ್ತಿರುವ ಹೊಸ ರೈಲು ಅದೇ ತ್ಸಾವೊವನ್ನು ಹಾದು ಐದಾರು ಗಂಟೆಗಳಲ್ಲಿ ಊರು ಸೇರಿಸುತ್ತದೆ. ಹಗಲು ಗಾಡಿಯಲ್ಲಿ ಕಿಟಕಿಯ ಬದಿ ಕುಳಿತರೆ ಆನೆಗಳು ಕಂಡರೂ ಕಾಣಬಹುದು. ವಿಮಾನಕ್ಕಿಂತ ಇದೇ ಲೇಸು.

ಮಕ್ಕಳಿಗೆ ಉತ್ತರದ ಕಡಲತಡಿಯೇ ಸ್ವರ್ಗ. ದೂರದಲ್ಲಿ ಹವಳದ ದಿಬ್ಬವೊಂದು ಅಲೆಗಳನ್ನು ತಡೆಯುವುದರಿಂದ ನೀರು ಶಾಂತ. ಆದರೆ ಇಲ್ಲಿಯ ಉಬ್ಬರವಿಳಿತ ದೊಡ್ಡದು; ಇಳಿತದ ವೇಳೆ ಸಮುದ್ರ ಬಹುದೂರ ಸರಿದುಹೋಗಿ ಈಜಲು ನೀರೇ ಇರದು. ಉಬ್ಬರದ ವೇಳೆಯನ್ನು ಹೋಟೆಲಿನಲ್ಲಿ ಕೇಳಿಟ್ಟುಕೊಂಡು, ಮುಳ್ಳುಜೀವಿಗಳ ಭಯಕ್ಕೆ ಕಾಲಿಗೆ ರಬ್ಬರ್ ಜೋಡು ಹಾಕಿಕೊಂಡೇ ಇಳಿಯಬೇಕು. ಬಂಬೂರಿಯ ಹಾಲರ್ ಉದ್ಯಾನ ಮೊದಲು ಸಿಮೆಂಟಿಗಾಗಿ ಅಗೆದು ಬಿಟ್ಟ ಬರಡು ಗಣಿ. 1971ರಿಂದ ರೆನೆ ಹಾಲರ್ ಎಂಬ ಸ್ವಿಸ್ ಕೃಷಿತಜ್ಞ ಅಲ್ಲಿ ಗಾಳಿಮರಗಳನ್ನು ನೆಡಿಸಿದ. ಉದುರಿದ ಎಲೆ ಕೊಳೆಯದಿದ್ದಾಗ ಸಹಸ್ರಪದಿಗಳನ್ನು ತಂದು ಬಿಟ್ಟ. ಅವು ತಿಂದು ಹಾಕಿದ್ದೇ ಮಣ್ಣಾಯಿತು, ಮಣ್ಣಿನಿಂದ ಕಾಡಾಯಿತು. 2004ರ ಸುನಾಮಿಯ ಸಮಯದಲ್ಲಿ ತಾಯಿಯನ್ನಗಲಿದ ನೀರಾನೆಯ ಮರಿಯೊಂದು ಇಲ್ಲಿಯ ವೃದ್ಧ ದೈತ್ಯಾಮೆಯ ಬೆನ್ನುಬಿದ್ದು ಅದರೊಡನೆಯೇ ಬೆಳೆದ ಕಥೆ ಲೋಕಕ್ಕೆಲ್ಲ ಗೊತ್ತು.

ಹೊರಡುವ ಮುನ್ನ ಹಳದಿ ಜ್ವರದ ಚುಚ್ಚುಮದ್ದನ್ನು ಹತ್ತು ದಿನ ಮುಂಚಿತವಾಗಿ ಹಾಕಿಸಿ ಪ್ರಮಾಣಪತ್ರ ಪಡೆಯಬೇಕು. ಅದಿಲ್ಲದೆ ಹಿಂದಿರುಗಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತೊಡಕು. ಮಲೇರಿಯಾದ ಬಗ್ಗೆ ವೈದ್ಯರನ್ನು ಕೇಳಬೇಕು. ಚಟ್ನಿಪುಡಿ, ಉಪ್ಪಿನಕಾಯಿಗಳ ಗಂಟು ಕಟ್ಟುವ ಗೃಹಿಣಿಯರು ಒಂದು ಮಾತು ತಿಳಿದಿರಲಿ: ಕೀನ್ಯಾ 2017ರಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ. ಬಟ್ಟೆಯ ಚೀಲವೂ ಸ್ಟೀಲಿನ ಡಬ್ಬಿಯೂ ಇರಲಿ.

ದ್ವೀಪದ ಕೊನೆಯ ಸಂಜೆಯನ್ನು ದಕ್ಷಿಣ ತುದಿಯ ಮಾಮಾ ಎಂಗಿನಾ ದಂಡೆಯಲ್ಲಿ ಕಳೆಯುವುದು ಸ್ಥಳೀಯರ ರೂಢಿ. ಸವಣೂರಿನ ಪ್ರಸಿದ್ಧ ದೊಡ್ಡಹುಣಸೆಯ ಜಾತಿಯ ಮರಗಳೇ ಅಲ್ಲಿ ಸಾಲಾಗಿ, ಸಹಜವಾಗಿ ನಿಂತಿವೆ. ಎಳನೀರು, ನಿಂಬೆ ಕಾರ ಸವರಿದ ಮರಗೆಣಸು ಮಾರುವವರ ಸುತ್ತ ಸಂಸಾರಗಳು ಗುಂಪುಗೂಡುತ್ತವೆ. ಹತ್ತಿರದಲ್ಲೇ ಲಿಕೋನಿಯ ಕಡವು. ಕಾಲ್ನಡೆಯವರಿಗೆ ಅಲ್ಲಿ ದುಡ್ಡಿಲ್ಲ. ಕೆಲಸ ಮುಗಿಸಿ ಮನೆಗೆ ಮರಳುವ ಸಾವಿರಾರು ಜನ ತರಕಾರಿ ಚೀಲ, ಸೈಕಲ್ಲು, ಶಾಲೆಯ ಮಕ್ಕಳೊಡನೆ ಒಂದೇ ಅಟ್ಟದ ಮೇಲೆ ಒತ್ತೊತ್ತಾಗಿ ನಿಲ್ಲುತ್ತಾರೆ. ಕಿಲಿಂದಿನಿ ಬಂದರಿಗೆ ಹೋಗುವ ಸರಕುಹಡಗು ಬಂದರೆ ದೋಣಿ ಕಾಯುತ್ತದೆ. ಏಳೆಂಟು ಮಾಳಿಗೆಯ ಮನೆಯಂಥ ಆ ಹಡಗು ಜನರ ಮುಂದೆಯೇ ನಿಧಾನವಾಗಿ ಸರಿದುಹೋಗುವಾಗ ಮಕ್ಕಳು ಕೈಬೀಸುತ್ತಾರೆ. ಅದು ದಾಟಿದ ಮೇಲೆ ದೋಣಿ ಹೊರಡುತ್ತದೆ.