ಬೆರಳು ತೋರುವ ಮುನ್ನ

ಮೈ ತುರಿಸತೊಡಗಿದಾಗ ಮನುಷ್ಯನ ಬೆರಳು ಮೊದಲು ತನ್ನ ಚರ್ಮದ ಮೇಲೆ ಹೋಗುತ್ತದೆ. ಅನಂತರ ಇನ್ನೊಬ್ಬರ ಕಡೆಗೆ ಚಾಚುತ್ತದೆ. 'ಇದು ಯಾರಿಂದ ಅಂಟಿತು?' ಎಂಬ ಪ್ರಶ್ನೆ ಬಹುಪಾಲು ನಮಗಿಂತ ಬಡವರ ಬಳಿ, ಇಲ್ಲವೇ ಮಾತು ಬಾರದ ಪ್ರಾಣಿಯ ಬಳಿ ಹೋಗಿ ನಿಲ್ಲುತ್ತದೆ.

ಕೆಲವು ವರ್ಷಗಳ ಹಿಂದೆ ಜೆ.ಪಿ. ನಗರದ ನಮ್ಮ ವಸತಿ ಕಟ್ಟಡದಲ್ಲಿ ಹೀಗೆಯೇ ಆಯಿತು. ಒಂದು ಮನೆಯ ಅಜ್ಜಿ, ತಾಯಿ, ಮಗಳು ಮೂವರಿಗೂ ಕಜ್ಜಿ ಕಾಣಿಸಿಕೊಂಡಿತು. ಬೆರಳ ಸಂದಿನಲ್ಲಿ, ಮಣಿಕಟ್ಟಿನಲ್ಲಿ, ಸೊಂಟದಲ್ಲಿ ಗುಳ್ಳೆಗಳು. ರಾತ್ರಿ ಮಲಗಿದರೆ ತಾಳಲಾರದ ತುರಿಕೆ. ಆ ಮನೆಯ ಪಾತ್ರೆ ತೊಳೆಯಲು ಹೊಸ ಹೆಂಗಸೊಬ್ಬರು ಸೇರಿ ಹದಿನೈದು ದಿನಗಳಾಗಿದ್ದವು. ಗೇಟಿನ ಬಳಿ ಮಲಗುತ್ತಿದ್ದ ಬೀದಿನಾಯಿಯ ಕೂದಲು ಉದುರಿತ್ತು. ಇಷ್ಟು ಸಾಕ್ಷ್ಯ ಸಾಕಾಯಿತು. ಆಕೆ ಕಟ್ಟಡದೊಳಗೆ ಬರಬಾರದು, ನಾಯಿಯನ್ನು ದೂರ ಸಾಗಿಸಬೇಕು ಎಂದು ನಿವಾಸಿಗಳ ಸಭೆ ತೀರ್ಮಾನಿಸಿತು. ನಮ್ಮ ಕಟ್ಟಡದ ನಾಲ್ಕು ಮನೆಗಳ ಕೆಲಸದಿಂದಲೇ ಆಕೆ ಮೂವರು ಮಕ್ಕಳನ್ನು ಓದಿಸುತ್ತಿದ್ದರು.

ಕಜ್ಜಿಗೆ ಕಾರಣವಾದ ಹುಳು ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಹೆಣ್ಣು ಹುಳು ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ದಿನಕ್ಕೆ ಎರಡು ಮೂರು ಮೊಟ್ಟೆಗಳನ್ನಿಡುತ್ತದೆ. 1687ರಲ್ಲಿಯೇ ಇಟಲಿಯ ಬೊನೋಮೊ ಮತ್ತು ಚೆಸ್ಟೋನಿ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, ಕಜ್ಜಿಗೆ ಕಾರಣ ಕೆಟ್ಟ ರಕ್ತವಲ್ಲ, ಈ ಜೀವಿಯೇ ಎಂದು ತಿಳಿಸಿದ್ದರು. ನಾವು ಗಮನಿಸಬೇಕಾದ ಸಂಗತಿಯೊಂದಿದೆ: ಮೊದಲ ಬಾರಿ ಹುಳು ಅಂಟಿದವರಿಗೆ ತುರಿಕೆ ಆರಂಭವಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು.

ಆ ಕುಟುಂಬ ಜಯನಗರದ ಚರ್ಮವೈದ್ಯರೊಬ್ಬರನ್ನು ಕಂಡಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕಳೆದ ಎರಡು ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಯಾರು ಯಾರು ಮಲಗಿದ್ದರು?" ಆಗ ಮಗನ ನೆನಪಾಯಿತು. ಅವನು ಬಿ.ಟಿ.ಎಂ. ಲೇಔಟಿನ ಪಿ.ಜಿ.ಯೊಂದರಲ್ಲಿ, ನಾಲ್ವರಿದ್ದ ಕೋಣೆಯಲ್ಲಿ ವಾಸವಾಗಿದ್ದು ಶನಿವಾರ ರಾತ್ರಿಗಳಲ್ಲಿ ಮನೆಗೆ ಬರುತ್ತಿದ್ದ. ಅವನ ಕೈಯಲ್ಲೂ ಕಜ್ಜಿಯಿತ್ತು. ಬೆವರುಸಾಲೆ ಎಂದುಕೊಂಡು ಸುಮ್ಮನಿದ್ದ. ಹದಿನೈದು ದಿನಗಳ ಹಿಂದೆ ಬಂದಾಕೆ ಇದಕ್ಕೆ ಕಾರಣರಾಗುವುದು ಹೇಗೆ? ವೈದ್ಯರು ಮಗನನ್ನೂ ದೂರಲಿಲ್ಲ. "ಮೊದಲು ಯಾರಿಗೆ ಬಂತೆಂಬ ವಿಚಾರಣೆ ಬೇಡ. ಮನೆಮಂದಿಯೆಲ್ಲ ಒಂದೇ ದಿನ ಮುಲಾಮು ಹಚ್ಚಿ, ವಾರದ ನಂತರ ಮತ್ತೊಮ್ಮೆ ಹಚ್ಚಿ" ಎಂದರು.

ಇನ್ನು ನಾಯಿಯ ವಿಚಾರ. ನಾಯಿಯ ಹುಳುವನ್ನೂ ಮನುಷ್ಯನ ಹುಳುವನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬೇರ್ಪಡಿಸುವುದು ಕಷ್ಟ. ಆದರೆ ಡಿ.ಎನ್.ಎ.ಯಲ್ಲಿ ಮರುಕಳಿಸುವ ಪುಟ್ಟ ತುಣುಕುಗಳಿವೆ. ಅವುಗಳ ಉದ್ದ ಒಂದೊಂದು ವಂಶಕ್ಕೆ ಒಂದೊಂದು ಬಗೆ. ಉತ್ತರ ಆಸ್ಟ್ರೇಲಿಯದ ಮೂಲನಿವಾಸಿಗಳ ಊರುಗಳಲ್ಲಿ ಜನರಿಗೂ ನಾಯಿಗಳಿಗೂ ಕಜ್ಜಿ ಹಬ್ಬಿದ್ದಾಗ ವಿಜ್ಞಾನಿ ಶೆಲ್ಲಿ ವಾಲ್ಟನ್ ಮತ್ತು ಸಂಗಡಿಗರು ಈ ತುಣುಕುಗಳನ್ನು ಹೋಲಿಸಿ ನೋಡಿದರು. 1999ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಒಂದೇ ಊರಿನಲ್ಲಿದ್ದರೂ ನಾಯಿಯ ಹುಳುಗಳು ಒಂದು ಗುಂಪಾಗಿ, ಮನುಷ್ಯರ ಹುಳುಗಳು ಮತ್ತೊಂದು ಗುಂಪಾಗಿ ಕಂಡುಬಂದವು. ನಂತರದ ಕೆಲವು ಅಧ್ಯಯನಗಳಲ್ಲಿ ಈ ಗೆರೆ ಇಷ್ಟು ಸ್ಪಷ್ಟವಾಗಿಲ್ಲ. ಆದರೂ ನಾಯಿಯ ಹುಳು ನಮ್ಮ ಮೈಗೆ ಹತ್ತಿದರೆ ಸಾಮಾನ್ಯವಾಗಿ ಕೆಲವು ದಿನ ತುರಿಕೆ ತಂದು, ಸಂತಾನ ಬೆಳೆಸದೆ ಅಳಿದುಹೋಗುತ್ತದೆ.

ನಮ್ಮ ದೇಶದಲ್ಲಿಯೂ ಇಂಥ ಪರೀಕ್ಷೆ ಕಣ್ಣು ತೆರೆಸಿದೆ. ಮರಳುನೊಣದ ಕಡಿತದಿಂದ ಬರುವ ಲೀಶ್ಮೇನಿಯ ಹುಣ್ಣಿಗೆ ರಾಜಸ್ಥಾನದ ಬಿಕಾನೇರಿನಲ್ಲಿ ಒಂದು ಜಾತಿಯ ಪರಾವಲಂಬಿ ಕಾರಣ. ಕೇರಳದ ಅಗಸ್ತ್ಯಮಲೆಯ ಕಾಣಿ ಬುಡಕಟ್ಟಿನವರ ಹುಣ್ಣುಗಳಲ್ಲಿ ಸಿಕ್ಕಿದ್ದು, ಬಿಹಾರದಲ್ಲಿ ಕಾಲಾ ಅಜಾರ್ ಎಂಬ ಮಾರಕ ಜ್ವರ ತರುವ ಜಾತಿ. ಕಣ್ಣಿಗೆ ಒಂದೇ ಆಗಿ ಕಾಣುವ ಹುಣ್ಣಿನ ಹಿಂದೆ ಬೇರೆ ಬೇರೆ ಜೀವಿಗಳಿರಬಹುದು.

ಯಾಜಕಕಾಂಡದ ಹದಿಮೂರನೆಯ ಅಧ್ಯಾಯವನ್ನು ನಾವು ಕಠಿಣವೆಂದು ಬದಿಗಿಡುವುದುಂಟು. ಆದರೆ ಚರ್ಮದ ಕಲೆ ಸಂಶಯಾಸ್ಪದವಾಗಿದ್ದಾಗ ಯಾಜಕನು ಕೂಡಲೇ ಅಶುದ್ಧನೆಂದು ಸಾರುವುದಿಲ್ಲ; ಏಳು ದಿನ ಕಾದು ಮತ್ತೆ ನೋಡುತ್ತಾನೆ, ಬೇಕಾದರೆ ಇನ್ನೂ ಏಳು ದಿನ ಕಾಯುತ್ತಾನೆ. ನಮ್ಮ ಸಭೆ ಒಂದು ಸಂಜೆಯೂ ಕಾಯಲಿಲ್ಲ.

ವೈದ್ಯರ ಮಾತು ತಿಳಿದ ಮೇಲೆ ಆಕೆಯನ್ನು ಮರಳಿ ಕರೆದರು. ತಪ್ಪಿದ ಹತ್ತು ದಿನಗಳ ಸಂಬಳವನ್ನು ಎರಡು ಮನೆಯವರು ಕೊಟ್ಟರು, ಉಳಿದವರು ಕೊಡಲಿಲ್ಲ. ನಾಯಿ ಮತ್ತೆ ಕಾಣಿಸಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕಜ್ಜಿಯನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ವಾಸಿಯಾಗುವ ಈ ರೋಗ ಇಂದಿಗೂ ಹರಡುತ್ತಿರುವುದಕ್ಕೆ ಇಕ್ಕಟ್ಟಿನ ವಾಸ, ಬಡತನಗಳ ಜೊತೆಗೆ ನಾಚಿಕೆಯೂ ಒಂದು ಕಾರಣ. ದೂರು ಹೊರಿಸುವ ಮನೆಯಲ್ಲಿ ತುರಿಕೆಯುಳ್ಳವರು ಬಾಯಿಬಿಡುವುದಿಲ್ಲ. ಅವರು ಮುಚ್ಚಿಟ್ಟಷ್ಟು ದಿನ ಹುಳುವಿಗೆ ಸುಗ್ಗಿ. ಆದುದರಿಂದ, ಓದುಗರೇ, ನಿಮ್ಮ ಮನೆಯಲ್ಲಿ ಮಗುವೋ ಕೆಲಸದಾಕೆಯೋ "ಮೈ ತುರಿಸುತ್ತಿದೆ" ಎಂದರೆ, "ಎಲ್ಲಿಂದ ತಂದೆ?" ಎಂದು ಕೇಳಬೇಡಿ. "ಎಷ್ಟು ದಿನದಿಂದ?" ಎಂದು ಕೇಳಿ, ಜೊತೆಗೆ ವೈದ್ಯರ ಬಳಿಗೆ ಹೋಗಿ.