ಮಲಗಿದ ಮೇಲೆ ನಡೆಯುವ ದಾರಿ

ಹೊಸ ಬಡಾವಣೆಗೆ ಮನೆ ಬದಲಾಯಿಸಿದ ಸಂಸಾರವೊಂದರಲ್ಲಿ ರಾತ್ರಿ ಒಂಬತ್ತಾದರೂ ಪಾಠ ಮುಗಿದಿಲ್ಲ. ಎಂಟು ವರ್ಷದ ಹುಡುಗಿ ಎರಡು ದಿನ ತಂದೆಯ ಕೈಹಿಡಿದು ಶಾಲೆಗೆ ಹೋಗಿಬಂದಿದ್ದಾಳೆ. ನಾಳೆ ಒಬ್ಬಳೇ ಹೋಗಬೇಕು. “ಹಿಟ್ಟಿನ ಗಿರಣಿಯಾದ ಮೇಲೆ ಎಡಕ್ಕೋ, ಬಲಕ್ಕೋ?” ಎಂದು ತಾಯಿ ಐದನೆಯ ಸಲ ಕೇಳುತ್ತಾಳೆ. ಮಗುವಿನ ರೆಪ್ಪೆಗಳು ಮುಚ್ಚಿಹೋಗುತ್ತಿವೆ. “ಮಲಗಲಿ ಬಿಡಮ್ಮ, ಬೆಳಗಾದರೆ ದಾರಿ ತಾನಾಗಿಯೇ ತಿಳಿಯುತ್ತದೆ” ಎನ್ನುತ್ತಾರೆ ಅಜ್ಜಿ. ತಾಯಿಗೆ ಧೈರ್ಯ ಸಾಲದು. ನಿದ್ರೆಯೆಂದರೆ ಮರೆವಿನ ತಂಗಿಯಲ್ಲವೆ?

ಅಜ್ಜಿಯ ಪರವಾಗಿ ಸಾಕ್ಷಿ ನುಡಿಯಲು ಇಲಿಗಳೇ ಬರಬೇಕಾಯಿತು. ಮಿದುಳಿನೊಳಗೆ ಹಿಪೊಕ್ಯಾಂಪಸ್ ಎಂಬುದೊಂದು ಭಾಗವುಂಟು. ಇಲಿ ಒಂದು ಮೂಲೆಗೆ ಬಂದಾಗ ಅಲ್ಲಿನ ಒಂದು ಕೋಶ ಮಿಡಿಯುತ್ತದೆ, ಇನ್ನೊಂದು ಮೂಲೆಯಲ್ಲಿ ಮತ್ತೊಂದು ಎಂಬುದನ್ನು 1971ರಲ್ಲಿ ಲಂಡನ್ನಿನ ಜಾನ್ ಓಕೀಫ್ ಮತ್ತು ಅವರ ಸಹೋದ್ಯೋಗಿ ತಿಳಿಸಿದರು. ಈ ಸ್ಥಾನಕೋಶಗಳ ಶೋಧಕ್ಕಾಗಿ ಓಕೀಫರಿಗೆ 2014ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಓಡಾಡುವಾಗ ಜೊತೆಯಾಗಿ ಮಿಡಿದ ಕೋಶಗಳು ಆಮೇಲಿನ ನಿದ್ರೆಯಲ್ಲಿಯೂ ಜೊತೆಯಾಗಿ ಮಿಡಿಯುವುದನ್ನು 1994ರಲ್ಲಿ ಅರಿಜೋನದ ವಿಲ್ಸನ್ ಮತ್ತು ಮೆಕ್‌ನಾಟನ್ ಕಂಡರು. ದೇಹ ಒರಗಿದೆ, ಮಿದುಳು ಅದೇ ದಾರಿಯನ್ನು ಮತ್ತೆ ತುಳಿಯುತ್ತಿದೆ! ಹಲವು ಕ್ಷಣಗಳ ಓಟ ಅಲ್ಲಿ ಕಣ್ಣೆವೆಯಿಕ್ಕುವಷ್ಟರಲ್ಲಿ ಮುಗಿಯುತ್ತದೆ. ಎಚ್ಚರದಲ್ಲಿಯೇ ಇಲಿ ಸುಮ್ಮನೆ ನಿಂತಾಗ, ಬಂದ ದಾರಿ ಹಿಂದುಮುಂದಾಗಿ ಹಾಯುವುದೂ ಉಂಟೆಂದು 2006ರಲ್ಲಿ ತಿಳಿಯಿತು.

ಇದು ಬರಿಯ ಪ್ರತಿಧ್ವನಿಯೆಂದು ತಳ್ಳಿಹಾಕುವಂತಿಲ್ಲ. 2009ರಲ್ಲಿ ಪ್ಯಾರಿಸ್ಸಿನ ಸಂಶೋಧಕರು, ಇಂಥ ಮರುನಡಿಗೆಗೆ ಹೊಂದಿಕೊಂಡ ಅಲೆಗಳು ಎದ್ದಾಗಲೆಲ್ಲ ಸಣ್ಣ ವಿದ್ಯುತ್ತಿನಿಂದ ಅವನ್ನು ಕದಡಿದರು. ನಿದ್ರೆಯೇನೋ ಕೆಡಲಿಲ್ಲ, ಆದರೆ ಆ ಇಲಿಗಳು ದಾರಿ ಕಲಿಯುವುದರಲ್ಲಿ ಹಿಂದೆ ಬಿದ್ದವು.

ಮನುಷ್ಯನ ಕಥೆಯೂ ಬಲು ಬೇರೆಯಲ್ಲ. 2004ರಲ್ಲಿ ಬೆಲ್ಜಿಯಂ ದೇಶದ ಲಿಯೇಜಿನಲ್ಲಿ ಕೆಲವರು ಕಂಪ್ಯೂಟರಿನಲ್ಲಿ ಚಿತ್ರಿಸಿದ ಪಟ್ಟಣವೊಂದರ ಬೀದಿಗಳನ್ನು ಕಲಿತು ಮಲಗಿದರು. ಗಾಢನಿದ್ರೆಯಲ್ಲಿ ಅವರ ಹಿಪೊಕ್ಯಾಂಪಸ್ ಮತ್ತೆ ಚುರುಕಾಯಿತು; ಯಾರಲ್ಲಿ ಆ ಚುರುಕು ಹೆಚ್ಚೋ ಅವರು ಮರುದಿನ ದಾರಿ ಹುಡುಕುವುದರಲ್ಲಿ ಹೆಚ್ಚು ಪಳಗಿದ್ದರು.

ಹಗಲು ನಡೆದವರಿಗೆ ಮಾತ್ರ ಈ ಪ್ರಸಾದ. ನಡೆಯದ ದಾರಿಯನ್ನು ನಿದ್ರೆ ಕಲಿಸದು. ಹುಡುಗಿಯಾದರೋ ಎರಡು ದಿನ ನಡೆದವಳು. ಕೊನೆಗೆ ತಾಯಿ ದೀಪವಾರಿಸಿದಳು.

ಬೆಳಿಗ್ಗೆ ಆಕೆ ಗೇಟಿನ ಬಳಿ ಉಸಿರು ಬಿಗಿಹಿಡಿದು ನಿಂತಳು. ಹಿಟ್ಟಿನ ಗಿರಣಿಯ ಹತ್ತಿರ ಪುಟ್ಟ ಚೀಲವೊಂದು ಅರೆಕ್ಷಣ ತಡೆದು, ಎಡಕ್ಕೆ ತಿರುಗಿತು. ಸರಿಯಾದ ದಾರಿಯೇ. ಒಳಗೆ ಅಜ್ಜಿ ಇನ್ನೂ ಮಲಗಿದ್ದರು. ಅವರು ಯಾವ ಊರಿನ ದಾರಿಯಲ್ಲಿದ್ದರೋ!